ನೀಲಿ ಹೆಚ್ಚಾದ ಸ್ಲೈಡುಗಳು

ಜೂನ್ ೪

ಬಣ್ಣದ ಮಾವನಿಗೆ ಯಾಕಮ್ಮನ ನಮಸ್ಕಾರಗಳು.

ಫೋನಿನಲ್ಲಿ ನಿಮಗೆ ಸರಿಯಾಗಿ ಕೇಳಿಸುವುದಿಲ್ಲ, ನಾನು ಕೂಗಿದರೆ ಇಡೀ ವಿಭಾಗಕ್ಕೆ ಕೇಳಿಸುತ್ತದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಹೋದ ವರ್ಷ ಸಮ್ಮೇಳನದಲ್ಲಿ ಓದಿದ ನಮ್ಮ ಪ್ರಬಂಧ ಕೊನೆಗೂ ಅಚ್ಚಾಯಿತು. ಆರು ವರ್ಷದ ದುಡಿಮೆ, ಹನ್ನೊಂದು ಪುಟ. "ಬೆಟ್ಟ ಅಗೆದು ಇಲಿ ಹಿಡಿದ್ರಿ" ಎಂದು ಮೂಳೆ ಲ್ಯಾಬಿನವರು ನಗಾಡಿದರು. "ನಾವು ಮೊದ್ಲು ಇಲಿ ಹಿಡಿದು ಆಮೇಲೆ ಬೆಟ್ಟ ಅಗೆದೋರು" ಅಂದೆ.

ನಾವು ಮಾಡಿದ್ದು ಏನು ಕೆಲಸವೆಂದು ನಿಮ್ಮ ಮಗಳು ಕೇಳಿದರೆ ಹೀಗೆ ಹೇಳಿ: ಮೂತ್ರಪಿಂಡ ಕೆಟ್ಟಾಗ ಅದರೊಳಗೆ ಗಾಯದ ಕಲೆಯ ಹಾಗೆ ಗಟ್ಟಿ ನಾರು ಬೆಳೆಯುತ್ತದೆ. ನಿನ್ನ ಅಪ್ಪ ಅದನ್ನು ತೆಳ್ಳಗೆ ಕತ್ತರಿಸಿ ಗಾಜಿನ ಸ್ಲೈಡಿನ ಮೇಲೆ ಬಣ್ಣ ಹಾಕಿದರೆ ನಾರು ನೀಲಿಯಾಗಿ, ಉಳಿದದ್ದು ಕೆಂಪಾಗಿ ಕಾಣುತ್ತದೆ. ನೀಲಿ ಎಷ್ಟಿದೆಯೆಂದು ಕಂಪ್ಯೂಟರ್ ಅಳೆಯುತ್ತದೆ. ನಮ್ಮ ಔಷಧ ಕೊಟ್ಟ ಇಲಿಗಳಲ್ಲಿ ನೀಲಿ ಅರ್ಧಕ್ಕರ್ಧ ಕಡಿಮೆ ಇತ್ತು. ಅಷ್ಟೇ ನಮ್ಮ ಕಥೆ. ಅದಕ್ಕೇ ನಮ್ಮ ಮುಖ್ಯಸ್ಥರ ಕಾಲು ಈಗ ನೆಲದ ಮೇಲೆ ನಿಲ್ಲುತ್ತಿಲ್ಲ. ವಿಶ್ವವಿದ್ಯಾಲಯದ ವರ್ಷದ ಸಂಶೋಧನಾ ಪ್ರಶಸ್ತಿಗೆ ನನ್ನ ಹೆಸರು ಹೋಗಿದೆ. ಸಮಾರಂಭ ನವೆಂಬರಿನಲ್ಲಿ. ನೀವು ಬರಲೇಬೇಕು.

ನೀವು ಹೋದ ವರ್ಷ ನಿವೃತ್ತರಾದ ಮೇಲೆ ನಿಮ್ಮ ಮೇಜಿನ ಮೇಲೆ ಬಣ್ಣ ಹಾಕುವ ಯಂತ್ರ ಕೂತಿದೆ. ಅದು ಬೈಯುವುದಿಲ್ಲ, ಹಾಡುವುದೂ ಇಲ್ಲ. ಅದರ ಪಕ್ಕ ಕೂತರೆ ಬೇಸರ.

ಒಂದು ಸಣ್ಣ ಪ್ರಶ್ನೆ. ಹೊಸದಾಗಿ ಸೇರಿದ ವಿದ್ಯಾರ್ಥಿನಿಗೆ ಕೈಯಿಂದ ಬಣ್ಣ ಹಾಕುವುದನ್ನು ಕಲಿಸಬೇಕು. ನೀವು ನೀಲಿಯಲ್ಲಿ ಎಷ್ಟು ನಿಮಿಷ ಇಡುತ್ತಿದ್ದಿರಿ? ಕೊನೆಯ ವರ್ಷವೂ ಅಷ್ಟೇನಾ?

ಎಂದಿನಂತೆ ಪ್ರಶ್ನೆ ಕೇಳುವ,
ಯಾಕಮ್ಮ

ಜೂನ್ ೧೭

ಚಿರಂಜೀವಿ ಯಾಕಮ್ಮನಿಗೆ ಆಶೀರ್ವಾದಗಳು.

ನಿನ್ನ ಕಾಗದ ಬಂದ ದಿನ ಮಗಳ ಹೊಲಿಗೆ ಅಂಗಡಿಗೆ ಬಂದವರಿಗೆಲ್ಲ "ನಮ್ಮ ಹುಡುಗಿಗೆ ಪ್ರಶಸ್ತಿ" ಎಂದು ಹೇಳಿದೆ. ಶಾಲೆಯ ಸಮವಸ್ತ್ರದ ಅಳತೆ ಕೊಡಲು ಬಂದ ಒಬ್ಬ ತಾಯಿ, "ಏನ್ ಓಡ್ತಾಳೆ, ನೂರು ಮೀಟರಾ?" ಅಂದಳು. ಹೂಂ ಅಂದುಬಿಟ್ಟೆ. ಮೂತ್ರಪಿಂಡದ ಕಥೆ ಹೇಳಿದ್ದರೆ ಅವಳು ಅಳತೆ ಕೊಡದೆ ಹೋಗುತ್ತಿದ್ದಳು.

ಆರು ವರ್ಷದ ಹಿಂದೆ ನೀನು ಮೊದಲ ದಿನ ಬಂದು ಒಂದು ಗಂಟೆಯಲ್ಲಿ ಇಪ್ಪತ್ತೆರಡು ಸಲ "ಯಾಕೆ" ಅಂದೆ. ನಾನು ಎಣಿಸಿದ್ದೆ. ಇಪ್ಪತ್ತಮೂರನೆಯದಕ್ಕೆ ಈ ಹೆಸರಿಟ್ಟೆ. ಆ ಬಾಯಿಗೇ ಈಗ ಪ್ರಶಸ್ತಿ.

ನೀಲಿಯ ಲೆಕ್ಕ ಕೇಳಿದ್ದೀಯ. ಪುಸ್ತಕದಲ್ಲಿ ಐದು ನಿಮಿಷ ಅಂತಿದೆ. ಆದರೆ ಗಡಿಯಾರ ನೋಡಿ ಬಣ್ಣ ಹಾಕುವುದಾದರೆ ಮನುಷ್ಯ ಯಾಕೆ ಬೇಕು, ಯಂತ್ರ ಸಾಕು. ಸ್ಲೈಡನ್ನು ತೆಗೆದು, ನೀರಿನಲ್ಲಿ ಅದ್ದಿ, ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡಬೇಕು. ಸಾಕು ಎಂದು ಕಣ್ಣು ಹೇಳಬೇಕು. ಮೂವತ್ತೊಂದು ವರ್ಷ ನನ್ನ ಕಣ್ಣೇ ನನ್ನ ಗಡಿಯಾರ. ಕೊನೆಯ ವರ್ಷವೂ ಅಷ್ಟೇ, ಅದರಲ್ಲೇನಿದೆ?

ಅಕ್ಷರ ದಪ್ಪವಾಗಿದ್ದರೆ ನಗಬೇಡ. ಪೆನ್ನು ಹೊಸದು.

ನವೆಂಬರಿನಲ್ಲಿ ಬರುವುದು ಕಷ್ಟ. ದೂರದ ಪ್ರಯಾಣ ಮಂಡಿಗೆ ಆಗುವುದಿಲ್ಲ.

ಇಂತು,
ಬಣ್ಣದ ಮಾವ

ಜುಲೈ ೨

ಮಾವಯ್ಯಾ,

ಮಂಡಿನೋವಿಗೆ ಏನು ಮಾಡುತ್ತಿದ್ದೀರಿ? ಮುಲಾಮು ಕಳಿಸಲೇ?

ಇಲ್ಲಿ ಎಲ್ಲ ಚೆನ್ನಾಗಿದೆ. ನಿನ್ನೆ ದೊಡ್ಡ ಆಸ್ಪತ್ರೆಯ ಮೂತ್ರಪಿಂಡದ ಡಾಕ್ಟರು ಬಂದಿದ್ದರು. ಬರುವ ಜನವರಿಯಿಂದ ಅವರ ರೋಗಿಗಳಿಗೆ ನಮ್ಮ ಔಷಧ ಕೊಟ್ಟು ನೋಡುತ್ತಾರಂತೆ. ಮುಖ್ಯಸ್ಥರು ಅವರಿಗೆ ಎರಡು ಸಲ ಕಾಫಿ ತರಿಸಿದರು. ನಮಗೆ ಒಂದು ಸಲವೂ ಇಲ್ಲ.

ಇನ್ನೊಂದು ವಿಚಾರ, ಅಷ್ಟು ಮುಖ್ಯವಾದದ್ದೇನಲ್ಲ. ಬೇರೆ ಊರಿನ ಒಂದು ಲ್ಯಾಬಿನವರು ನಮ್ಮ ಪ್ರಯೋಗವನ್ನು ತಾವೂ ಮಾಡಿ ನೋಡಿದ್ದಾರೆ. ಅವರಿಗೆ ಅರ್ಧಕ್ಕರ್ಧ ಸಿಕ್ಕಿಲ್ಲವಂತೆ. ಮುಖ್ಯಸ್ಥರಿಗೆ ತೋರಿಸಿದರೆ, "ಅವರ ಕೈ ಪಳಗಿಲ್ಲಮ್ಮ, ಬಿಡು" ಅಂದರು. ನಾನೂ ಹಾಗೇ ಅಂದುಕೊಂಡಿದ್ದೇನೆ.

ಆದರೂ ಒಂದು ಕೇಳುತ್ತೇನೆ. ನಿಮಗೆ ನೆನಪಿರಬಹುದು, ಔಷಧ ಕೊಟ್ಟ ಇಲಿಗಳ ಸ್ಲೈಡುಗಳಿಗೆ ನೀವು ಮೊದಲೇ ಬಣ್ಣ ಹಾಕಿದಿರಿ. ಹೋಲಿಕೆಗೆಂದು ಸಾಕಿದ, ಔಷಧ ಕೊಡದ ಇಲಿಗಳಿಗೆ ಸೋಂಕು ತಗುಲಿ ಮತ್ತೆ ಹೊಸದಾಗಿ ಸಾಕಬೇಕಾಯಿತು. ಹಾಗಾಗಿ ಅವುಗಳ ಸರದಿ ವರ್ಷದ ನಂತರ ಬಂತು, ನಿಮ್ಮ ನಿವೃತ್ತಿಯ ಹಿಂದಿನ ಅಕ್ಟೋಬರಿನಿಂದ ಮಾರ್ಚಿನವರೆಗೆ. ಆ ತಿಂಗಳುಗಳಲ್ಲಿ ಬಣ್ಣದ ಪುಡಿ ಬದಲಾಗಿತ್ತೇ? ನೀರು? ಬೇರೆ ಏನಾದರೂ? ನೆನಪಿಸಿಕೊಂಡು ಬರೆಯಿರಿ.

ಯಾಕಮ್ಮ

ಜುಲೈ ೨೦

ಮಾನ್ಯ ಡಾಕ್ಟರ್ ಅವರಿಗೆ,

ನಿಮ್ಮ ಪತ್ರ ತಲುಪಿತು. ನೀವು ಕೇಳಿದ ಅವಧಿಯಲ್ಲಿ ಪುಡಿಯಾಗಲೀ ನೀರಾಗಲೀ ಬದಲಾಗಿರಲಿಲ್ಲ. ಮೂವತ್ತೊಂದು ವರ್ಷದ ಸೇವೆಯಲ್ಲಿ ನನ್ನ ಸ್ಲೈಡನ್ನು ಯಾರೂ ವಾಪಸ್ಸು ಕಳಿಸಿದ್ದಿಲ್ಲ. ನಿಮ್ಮ ಮುಖ್ಯಸ್ಥರು ಹೇಳಿದ್ದೇ ಸರಿ. ಬೇರೆಯವರ ಕೈ ಪಳಗಿರಲಿಕ್ಕಿಲ್ಲ.

ಮುಲಾಮು ಬೇಡ.

ಇಂತಿ ನಮಸ್ಕಾರಗಳು

ಜುಲೈ ೨೯

ಮಾವ,

ನೀವು ನನ್ನನ್ನು 'ನೀವು' ಅಂದಿದ್ದೀರಿ. ಕಾಗದವನ್ನು ಮೂರು ಸಲ ಓದಿ, ಲಕೋಟೆಯ ಮೇಲಿನ ವಿಳಾಸ ನನ್ನದೇ ಹೌದೋ ಎಂದು ನೋಡಿದೆ.

ನಾನು ನಿಮ್ಮ ಕೆಲಸದ ಮೇಲೆ ಬೆರಳು ತೋರಿಸಲಿಲ್ಲ. ಹಾಗೆ ಅನ್ನಿಸಿದ್ದರೆ ತಪ್ಪು ನನ್ನ ಬರವಣಿಗೆಯದು. ಈ ವಿಭಾಗದಲ್ಲಿ ನನಗೆ ಮೈಕ್ರೋಸ್ಕೋಪಿನೊಳಗೆ ನೋಡುವುದನ್ನು ಕಲಿಸಿದವರು ನೀವು. ಮೊದಲ ವರ್ಷ ಒಂದು ಬಾಕ್ಸ್ ಸ್ಲೈಡು ಬೀಳಿಸಿ ಒಡೆದಾಗ, ಮುಖ್ಯಸ್ಥರ ಮುಂದೆ "ನಾನೇ ಬೀಳಿಸಿದೆ ಸಾರ್" ಅಂದವರೂ ನೀವೇ.

ಇನ್ನು ಕೇಳುವುದಿಲ್ಲ. ಮರೆತುಬಿಡಿ. ಆರೋಗ್ಯ ನೋಡಿಕೊಳ್ಳಿ.

ಯಾಕಮ್ಮ

ಅಕ್ಟೋಬರ್ ೩

ಯಾಕಮ್ಮ,

ಈ ಕಾಗದ ಬರೆಯುತ್ತಿರುವುದು ನನ್ನ ಮಗಳು. ನಾನು ಹೇಳುತ್ತಿದ್ದೇನೆ. ಜೂನ್, ಜುಲೈಯಲ್ಲಿ ಬರೆದ ಎರಡು ಕಾಗದಗಳಿಗೆ ಭೂತಗನ್ನಡಿ ಹಿಡಿದುಕೊಂಡು ಒಂದೊಂದಕ್ಕೆ ಇಡೀ ಬೆಳಗ್ಗೆ ಹಿಡಿದಿತ್ತು. ಪೆನ್ನು ಹೊಸದಲ್ಲ. ಮಂಡಿಗೂ ಏನೂ ಆಗಿಲ್ಲ.

(ಮಂಡಿ ಗಟ್ಟಿಯಾಗೇ ಇದೆ. ಮೆಟ್ಟಿಲು ಹತ್ತಿ ಇಳಿಯುತ್ತಾರೆ. ಆದರೆ ಕೊನೆಯ ಮೆಟ್ಟಿಲು ಕಾಣುವುದಿಲ್ಲ. — ಮಗಳು)

ನನ್ನ ಎರಡೂ ಕಣ್ಣಿಗೆ ಪೊರೆ ಬಂದಿದೆ. ಇವತ್ತು ನಿನ್ನೆ ಬಂದದ್ದಲ್ಲ. ನಿವೃತ್ತಿಗೆ ಇನ್ನೂ ಒಂದೂವರೆ ವರ್ಷ ಇರುವಾಗಲೇ ಶುರುವಾಗಿತ್ತು. ದೀಪದ ಸುತ್ತ ಮಬ್ಬು ಕಾಣುತ್ತಿತ್ತು, ಬಿಳಿ ಗೋಡೆ ಹಳದಿಯಾಗಿ ಕಾಣುತ್ತಿತ್ತು. ಹೇಳಿದರೆ ನನ್ನನ್ನು ಬಣ್ಣದ ಮೇಜಿನಿಂದ ಎಬ್ಬಿಸಿ ಉಗ್ರಾಣದಲ್ಲಿ ಕೂರಿಸಿ, ಕೈಗವಸಿನ ಡಬ್ಬಿ ಎಣಿಸಲು ಹಚ್ಚುತ್ತಾರೆಂದು ತುಟಿ ಬಿಚ್ಚಲಿಲ್ಲ. ಒಂದೂವರೆ ವರ್ಷ ತಾನೇ, ಕಳೆದುಬಿಡೋಣ ಅಂದುಕೊಂಡೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದಂತೆ. ನನ್ನದು ಮುಚ್ಚಿಯೇ ಹೋಗಿತ್ತು, ಮುಚ್ಚಿಕೊಳ್ಳುವ ಶ್ರಮವೂ ಇರಲಿಲ್ಲ.

ನೀನು ಜೂನಿನಲ್ಲಿ ಕೇಳಿದಾಗಲೇ ನನ್ನ ಕಣ್ಣಿನ ನೆನಪಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅಟ್ಟದ ಮೇಲಿದ್ದ ತಗಡಿನ ಡಬ್ಬಿಯನ್ನು ಇಳಿಸಿದೆ. ಅದರ ವಿಷಯ ನಿನಗೆ ಗೊತ್ತಿಲ್ಲ. ನನಗೆ ಕೆಲಸ ಕಲಿಸಿದ ಹಿರಿಯರು ಒಂದು ಮಾತು ಹೇಳಿದ್ದರು: "ಬಣ್ಣ ಹಾಕುವಾಗಲೆಲ್ಲ ಒಂದೇ ಹಳೇ ಅಚ್ಚಿನ ಒಂದು ಚೂರನ್ನ ಜೊತೆಗಿಡು. ನಾಳೆ ಯಾರಾದ್ರೂ ಕೇಳಿದ್ರೆ ಅದು ಸಾಕ್ಷಿ ಹೇಳುತ್ತೆ." ಆರೋಗ್ಯವಂತ ಇಲಿಯ ಮೂತ್ರಪಿಂಡವನ್ನು ಮೇಣದಲ್ಲಿ ಹುದುಗಿಸಿ ಮಾಡಿದ ಒಂದು ಅಚ್ಚಿತ್ತು. ನಿನ್ನ ಕೆಲಸಕ್ಕೆ ಬಣ್ಣ ಹಾಕಿದ ಪ್ರತಿ ಸಲವೂ ಅದರದೊಂದು ಚೂರನ್ನು ಅದೇ ಬಣ್ಣದಲ್ಲಿ ಅದ್ದಿ, ತಾರೀಖು ಬರೆದು ಇಟ್ಟಿದ್ದೇನೆ. ಒಟ್ಟು ಹದಿನೇಳು. ವಿಭಾಗದಲ್ಲಿ ಯಾರೂ ಕೇಳದ ಸ್ಲೈಡುಗಳು, ಕಸಕ್ಕೆ ಹೋಗುತ್ತವೆಂದು ಹೊರಡುವ ದಿನ ಮನೆಗೆ ತಂದೆ. ತರಬಾರದಿತ್ತು.

ಅವನ್ನು ಜೂನಿನಲ್ಲಿ ಕಿಟಕಿಯ ಮೇಲೆ ತಾರೀಖಿನ ಪ್ರಕಾರ ಸಾಲಾಗಿ ಜೋಡಿಸಿದೆ. ನನಗೆ ಎಲ್ಲವೂ ಒಂದೇ ಥರ ಕಂಡವು. ಮನಸ್ಸಿಗೆ ಹಾಯೆನಿಸಿತು. ಅಷ್ಟರಲ್ಲಿ ಮಗಳು ಬಂದಳು. ಅವಳಿಗೆ ದಿನಾ ನೀಲಿ ದಾರ ಹೊಂದಿಸುವ ಕಣ್ಣು.

"ಅಪ್ಪಾ, ಇದೇನು, ಆಕಾಶದಿಂದ ಶಾಯಿವರೆಗೆ ಎಲ್ಲಾ ನೀಲಿನೂ ಇಟ್ಕೊಂಡಿದೀರಾ?"

"ಎಲ್ಲಾ ಒಂದೇ ಅಲ್ವೇನೇ?"

"ಒಂದೇ? ಕೊನೇ ಆರು ನೋಡಿ, ಹೆಚ್ಚುಕಮ್ಮಿ ಕಪ್ಪು."

ನನ್ನ ಕಣ್ಣಿಗೆ ನೀಲಿ ಮಂಕಾಗಿ ಕಾಣುತ್ತಿತ್ತು. ಹಾಗಾಗಿ ಸಾಲದು ಸಾಲದು ಎಂದು ಇನ್ನಷ್ಟು ಹೊತ್ತು ಇಟ್ಟಿದ್ದೇನೆ. ಕೊನೆಯ ಆರು ತಿಂಗಳಲ್ಲಿ ನಾನು ಬಣ್ಣ ಹಾಕಿದ್ದು ಔಷಧ ಕೊಡದ ಇಲಿಗಳಿಗೆ. ಅವುಗಳಲ್ಲಿ ಇದ್ದದ್ದಕ್ಕಿಂತ ಹೆಚ್ಚು ನೀಲಿ ಕಂಡಿದೆ. ಔಷಧ ಮಾಡದ ಕೆಲಸವನ್ನೂ ಔಷಧ ಮಾಡಿತೆಂದು ನಿನ್ನ ಕಂಪ್ಯೂಟರ್ ಹೇಳಿದೆ.

ಇದು ಗೊತ್ತಿದ್ದೂ ಜುಲೈಯಲ್ಲಿ ನಿನ್ನನ್ನು 'ಮಾನ್ಯ ಡಾಕ್ಟರ್' ಎಂದು ಕರೆದು ಸುಳ್ಳು ಬರೆದೆ. ನೀನು ಇನ್ನು ಕೇಳುವುದಿಲ್ಲ ಎಂದು ಬರೆದಾಗ ಬದುಕಿದೆ ಅಂದುಕೊಂಡೆ. ಬದುಕಿದ ಹಾಗೆ ಇರಲಿಲ್ಲ. ಎರಡು ತಿಂಗಳು ಅರ್ಧ ಊಟಕ್ಕೇ ತಟ್ಟೆ ಬಿಟ್ಟು ಏಳುತ್ತಿದ್ದೆ.

ಮೊನ್ನೆ ಪ್ರಶಸ್ತಿಯ ಆಮಂತ್ರಣ ಬಂತು. ಮಗಳು ಓದಿ ಹೇಳಿದಳು. ಅದರಲ್ಲಿ ಒಂದು ಸಾಲಿತ್ತು, ಜನವರಿಯಿಂದ ನೂರಿಪ್ಪತ್ತು ರೋಗಿಗಳ ಮೇಲೆ ಪ್ರಯೋಗ ಎಂದು. ಇಲಿಗಳ ಮಟ್ಟಿಗೆ ಹೋಗಲಿ ಬಿಡು ಅಂದುಕೊಳ್ಳಬಹುದು. ನೂರಿಪ್ಪತ್ತು ಜನ ನನ್ನ ಕಣ್ಣನ್ನು ನಂಬಿ ಮಾತ್ರೆ ನುಂಗುವುದೇ?

ಡಬ್ಬಿಯನ್ನು ಹತ್ತಿಯಲ್ಲಿ ಸುತ್ತಿ ಇದರ ಜೊತೆ ಕಳಿಸಿದ್ದೇನೆ. ನೀನು ಏನು ಮಾಡಿದರೂ ಸರಿ. ಪ್ರಶಸ್ತಿ ಹೋದರೆ, ಆ ಪಾಪ ನನ್ನದು.

(ಇಷ್ಟು ಹೇಳಿ ಅಪ್ಪ ಹಿತ್ತಿಲಿಗೆ ಹೋಗಿ ಕೂತಿದ್ದಾರೆ. ನನಗೂ ಕಣ್ಣಿನ ವಿಷಯ ಗೊತ್ತಾಗಿದ್ದು ಜೂನಿನಲ್ಲೇ. ಅದಕ್ಕೆ ಮುಂಚೆ ಕಪ್ಪು ದಾರ ಕೇಳಿದರೆ ನೇವಿ ನೀಲಿ ಕೊಡುತ್ತಿದ್ದರು. ತಮಾಷೆ ಮಾಡುತ್ತಾರೆ ಅಂದುಕೊಂಡಿದ್ದೆ. — ಮಗಳು)

ಬಣ್ಣದ ಮಾವ

ಅಕ್ಟೋಬರ್ ೧೨

ಮಾವ,

ಡಬ್ಬಿ ತಲುಪಿತು. ಹದಿನೇಳೂ ಒಡೆದಿಲ್ಲ.

ನೀವು ಒಪ್ಪಿಕೊಂಡ ಮೇಲೆ ನಾನು ಒಪ್ಪಿಕೊಳ್ಳದಿದ್ದರೆ ಆಗುವುದಿಲ್ಲ. ಹೊಸ ವಿದ್ಯಾರ್ಥಿನಿಗೆ ಕಲಿಸಬೇಕು ಎಂದು ಜೂನಿನಲ್ಲಿ ಬರೆದೆನಲ್ಲ, ಅದು ಸುಳ್ಳು. ಬೇರೆ ಊರಿನ ಲ್ಯಾಬಿನವರ ಪತ್ರ ನನಗೆ ಏಪ್ರಿಲ್‌ನಲ್ಲೇ ಬಂದಿತ್ತು. ಅವರಿಗೆ ನೂರಕ್ಕೆ ಇಪ್ಪತ್ತೊಂದು ಮಾತ್ರ ಕಡಿಮೆಯಾಗಿತ್ತು, ನಮ್ಮದು ಐವತ್ತೆರಡು. ಮೇ ತಿಂಗಳಲ್ಲಿ ಒಂದು ಭಾನುವಾರ ಯಾರೂ ಇಲ್ಲದಾಗ ನಮ್ಮ ಸ್ಲೈಡುಗಳನ್ನು ತಾರೀಖಿನ ಪ್ರಕಾರ ಹರಡಿದೆ. ನೀಲಿ ಮೆಲ್ಲಮೆಲ್ಲಗೆ ಏರುವುದು ಕಂಡಿತು. ಅದು ಕಾಯಿಲೆಯ ನೀಲಿಯೋ ಬಣ್ಣದ ನೀಲಿಯೋ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಮತ್ತೆ ಬಾಕ್ಸಿಗೆ ಹಾಕಿ ಬೀರುವಿಗೆ ಬೀಗ ಹಾಕಿದೆ. ನೀವು ಪುಡಿ ಬದಲಾಗಿತ್ತು ಎನ್ನಲಿ, ತಪ್ಪು ಯಾರದೋ ಪುಡಿಯದಾಗಲಿ ಎಂದು ಬೇಡಿಕೊಳ್ಳುತ್ತಿದ್ದೆ. ನಿಮ್ಮ ಜುಲೈ ಕಾಗದ ಬಂದಾಗ ನೋವಾಯಿತು, ನಿಜ. ಆದರೆ ನಾಚಿಕೆಯಿಂದ ಹೇಳುತ್ತೇನೆ, ಸ್ವಲ್ಪ ಸಮಾಧಾನವೂ ಆಯಿತು. ಕೇಳಿಯಾಯಿತು, ಇಲ್ಲ ಅಂದರು, ಇನ್ನು ನನ್ನ ಹೊಣೆಯಿಲ್ಲ ಎಂದುಕೊಂಡೆ.

ನಿಮ್ಮ ಕಾಗದ ಓದಿದ ಮೇಲೆ ನೇರವಾಗಿ ಮುಖ್ಯಸ್ಥರ ಕೋಣೆಗೆ ಹೋದೆ. ಡಬ್ಬಿ ಕೈಯಲ್ಲೇ ಇತ್ತು.

ಅವರು ಎಲ್ಲ ಕೇಳಿ, "ಬಾಗಿಲು ಹಾಕಮ್ಮ" ಅಂದರು. ಹಾಕಿದೆ.

"ಇದನ್ನ ಯಾರಾದ್ರೂ ಕೇಳಿದ್ರಾ? ಪತ್ರಿಕೆಯವರು, ಪ್ರಶಸ್ತಿ ಸಮಿತಿ?"

"ಇಲ್ಲ ಸರ್."

"ಮತ್ತೆ ನೀನೇ ಬಂದು ಯಾಕೆ ಹೇಳ್ತಿದೀಯ?"

"ಆಸ್ಪತ್ರೆ ಡಾಕ್ಟ್ರು ನಮ್ಮ ಐವತ್ತೆರಡನ್ನ ಇಟ್ಕೊಂಡು ರೋಗಿಗಳಿಗೆ ಎಷ್ಟು ಕೊಡ್ಬೇಕು ಅಂತ ನಿರ್ಧಾರ ಮಾಡ್ತಿದಾರೆ ಸರ್."

ಎದ್ದು ಕಿಟಕಿಯ ಹತ್ತಿರ ಹೋದರು. ಹೊರಗೆ ಸೈಕಲ್ ನಿಲ್ಲಿಸುವ ಜಾಗ ಬಿಟ್ಟರೆ ನೋಡಲು ಏನೂ ಇಲ್ಲ, ಅದನ್ನೇ ನೋಡಿದರು. ಬೈಯುತ್ತಾರೆಂದು ಕಾದೆ. ತಿರುಗಿ, "ಆ ಪೇಪರಲ್ಲಿ ನನ್ನ ಹೆಸರೂ ಇದೆ. ಅವರ ಕೈ ಪಳಗಿಲ್ಲ ಅಂದವನೂ ನಾನೇ. ನೀನು ಮೇ ತಿಂಗಳಲ್ಲೇ ಬರಬೇಕಿತ್ತು, ನಾನೂ ಜುಲೈಯಲ್ಲಿ ಸರಿಯಾಗಿ ಕೇಳಬೇಕಿತ್ತು" ಅಂದರು. ಅವರೇ ಫೋನ್ ಎತ್ತಿ ಸಮಿತಿಗೆ, ಆಸ್ಪತ್ರೆಗೆ, ಪತ್ರಿಕೆಗೆ ಹೇಳಿದರು: ಸ್ವಲ್ಪ ತಡೆಯಿರಿ, ಲೆಕ್ಕ ಮತ್ತೆ ನೋಡುತ್ತಿದ್ದೇವೆ.

ಇನ್ನು ಪಾಪದ ಮಾತು. ಎರಡು ಗುಂಪಿನ ಸ್ಲೈಡುಗಳಿಗೂ ಒಂದೇ ದಿನ ಬಣ್ಣ ಹಾಕಿಸಬೇಕಿತ್ತು. ಮೊದಲ ವರ್ಷದ ವಿದ್ಯಾರ್ಥಿಗಳಿಗೆ ನಾನೇ ಇದನ್ನು ಪಾಠ ಮಾಡುತ್ತೇನೆ. ವರ್ಷ ಕಾಯಬೇಕಲ್ಲ ಎಂದು ಆತುರಪಟ್ಟು, ಮೊದಲ ಗುಂಪಿಗೆ ಆಗಲೇ ಹಾಕಿಸಿದವಳು ನಾನು. ಹಾಗಾಗಿ ಪಾಪವನ್ನು ನೀವೊಬ್ಬರೇ ಹೊತ್ತುಕೊಂಡು ಹೋಗಬೇಡಿ, ನನ್ನ ಪಾಲು ಇಲ್ಲೇ ಬಿಡಿ.

ನಲವತ್ತನಾಲ್ಕು ಇಲಿಗಳ ಮೇಣದ ಅಚ್ಚುಗಳಲ್ಲಿ ಹತ್ತೊಂಬತ್ತು ಉಳಿದಿವೆ, ಮಿಕ್ಕವು ಕತ್ತರಿಸಿ ಮುಗಿದಿವೆ. ಉಳಿದವುಗಳಿಗೆ ಒಂದೇ ದಿನ ಹೊಸದಾಗಿ ಬಣ್ಣ ಹಾಕುತ್ತೇನೆ. ಮುಗಿದವುಗಳಿಗೆ ನಿಮ್ಮ ಹದಿನೇಳು ಸಾಕ್ಷಿಗಳೇ ಗತಿ. ಯಾವ ದಿನ ಎಷ್ಟು ನೀಲಿ ಹೆಚ್ಚಾಗಿದೆ ಎಂದು ಅವು ಹೇಳಿದರೆ, ಅಷ್ಟನ್ನು ಕಳೆಯಬಹುದು. ಎರಡು ದಾರಿಯೂ ಒಂದೇ ಉತ್ತರ ಕೊಟ್ಟರೆ ನಂಬಬಹುದು.

ಉತ್ತರ ಸೊನ್ನೆಯಾದರೂ ಆಗಬಹುದು. ಆಗ ಆರು ವರ್ಷ ನೀರಿನಲ್ಲಿ ಹೋಮ. ನೋಡೋಣ.

ನೀವು ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಇದು ಪ್ರಶ್ನೆಯಲ್ಲ.

ಯಾಕಮ್ಮ

ಅಕ್ಟೋಬರ್ ೩೦

ಯಾಕಮ್ಮ,

ಇದನ್ನೂ ಮಗಳೇ ಬರೆಯುತ್ತಿದ್ದಾಳೆ. ನಿನ್ನಿಂದ ಸುದ್ದಿಯಿಲ್ಲ. ಅಂಚೆಯವನು ಬರುವ ಹೊತ್ತಿಗೆ ಗೇಟಿನ ಹತ್ತಿರ ನಿಲ್ಲುತ್ತೇನೆ. ಮೊನ್ನೆ ಒಬ್ಬರನ್ನು ತಡೆದು "ನಮಗೇನಾದ್ರೂ ಇದೆಯೇನಪ್ಪಾ" ಎಂದು ಕೇಳಿದೆ. ಹಾಲು ಹಾಕುವವನಂತೆ.

ಕಣ್ಣಿನ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಆದರೆ ಬೈಯುವುದರಲ್ಲಿ ನಿನಗೂ ಅಜ್ಜಿ. "ಮೂರು ವರ್ಷ ಏನ್ ಮಾಡ್ತಿದ್ರಿ ತಾತ?" ಅಂದಳು. "ಬಣ್ಣ ಹಾಕ್ತಿದ್ದೆ" ಅಂದೆ. ನವೆಂಬರ್ ಕೊನೆಗೆ ಮೊದಲು ಬಲಗಣ್ಣು, ಹದಿನೈದು ದಿನ ಬಿಟ್ಟು ಎಡಗಣ್ಣು. ನನಗೆ ಭಯವಿಲ್ಲ.

(ಭಯವಿದೆ. ಕಾಲು ನೋವು, ಕೆಮ್ಮು, ದಿನ ಚೆನ್ನಾಗಿಲ್ಲ ಎಂದು ಮೂರು ನೆಪ ಹೇಳಿ ಆಯಿತು. ನಾನು ಬಿಟ್ಟಿಲ್ಲ. — ಮಗಳು)

ಒಂದು ಕೇಳಿಕೊಳ್ಳುತ್ತೇನೆ. ನೀನು ತಿದ್ದುಪಡಿ ಅಚ್ಚು ಹಾಕಿಸುವಾಗ ನನ್ನನ್ನು ಉಳಿಸಲು ಹೋಗಬೇಡ. ಸ್ಲೈಡಿನ ಬಾಕ್ಸ್ ನಾನು ಬೀಳಿಸಿದೆ ಅಂದದ್ದು ಬೇರೆ, ಇದು ಬೇರೆ. ಬಣ್ಣ ಹಾಕಿದವನ ಕಣ್ಣು ಸರಿಯಿರಲಿಲ್ಲ ಎಂದು ಇದ್ದದ್ದು ಇದ್ದ ಹಾಗೆ ಬರೆ.

ನಿನ್ನ ಕೆಲಸಕ್ಕೆ ಏನಾದರೂ ತೊಂದರೆಯಾಗುತ್ತದೆಯೇ? ಅದೊಂದನ್ನು ಮುಚ್ಚಿಡದೆ ಹೇಳು.

ಬಣ್ಣದ ಮಾವ

ನವೆಂಬರ್ ೨೧

ಮಾವಯ್ಯಾ! ಕಾಗದ ಓದುತ್ತಿರುವ ಅಕ್ಕಾ, ಇದನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಿ, ಅಂಗಡಿಯಲ್ಲಿ ಗಿರಾಕಿಗಳಿದ್ದರೂ ಪರವಾಗಿಲ್ಲ.

ಸೊನ್ನೆಯಲ್ಲ!

ಹೊಸದಾಗಿ ಬಣ್ಣ ಹಾಕಿದ ಹತ್ತೊಂಬತ್ತರಿಂದ ಬಂದದ್ದು ನೂರಕ್ಕೆ ಇಪ್ಪತ್ತಮೂರು. ನಿಮ್ಮ ಸಾಕ್ಷಿ ಸ್ಲೈಡುಗಳನ್ನು ಹಿಡಿದು ಹಳೆಯದನ್ನು ತಿದ್ದಿದಾಗ ಬಂದದ್ದು ಇಪ್ಪತ್ತನಾಲ್ಕು. ತಪ್ಪು ನೋಡಿದೆನೇನೋ ಎಂದು ಮತ್ತೆ ಮಾಡಿದೆ. ಮೂಳೆ ಲ್ಯಾಬಿನವರಿಗೆ ಯಾವ ಇಲಿ ಯಾವುದೆಂದು ಹೇಳದೆ ಕೊಟ್ಟು ಅವರಿಂದಲೂ ಅಳೆಸಿದೆ. ಅದೇ ಬಂತು. ಔಷಧ ಕೆಲಸ ಮಾಡುತ್ತದೆ ಮಾವ. ನಾವು ಹೇಳಿದ್ದರಲ್ಲಿ ಅರ್ಧಕ್ಕಿಂತ ಕಡಿಮೆ, ಆದರೆ ಮಾಡುತ್ತದೆ. ಲೆಕ್ಕ ಮುಗಿದಾಗ ಮುಖ್ಯಸ್ಥರು ಬಂದು ಹಾಳೆ ನೋಡಿ ಹೋದರು. ಹತ್ತು ನಿಮಿಷದ ಮೇಲೆ ತಾವೇ ಎರಡು ಲೋಟ ಕಾಫಿ ಹಿಡಿದುಕೊಂಡು ಬಂದರು. ಒಂದು ನನಗೆ!

ಬೇರೆ ಊರಿನ ಲ್ಯಾಬಿನ ಮೇಡಂಗೆ ಎಲ್ಲ ಬಿಡಿಸಿ ಬರೆದೆ. ಛೀಮಾರಿ ಹಾಕುತ್ತಾರೆ ಅಂದುಕೊಂಡಿದ್ದೆ. ಮರುದಿನವೇ ಫೋನ್ ಮಾಡಿ ಅವರು ಅತ್ತುಬಿಟ್ಟರು. ಅವರ ಒಬ್ಬ ವಿದ್ಯಾರ್ಥಿನಿ ಒಂದು ವರ್ಷದಿಂದ ನಮ್ಮ ಐವತ್ತೆರಡನ್ನು ತರಲು ಒದ್ದಾಡಿ, ತನ್ನ ಕೈಯೇ ಸರಿಯಿಲ್ಲ, ಈ ಕೆಲಸಕ್ಕೆ ತಾನು ಹುಟ್ಟಿಲ್ಲ ಎಂದು ಬಿಟ್ಟುಹೋಗಲು ಅರ್ಜಿ ಬರೆದಿದ್ದಳಂತೆ. "ಅವಳ ಕೈ ಸರಿಯಾಗೇ ಇತ್ತು ಅಂತ ನೀವೇ ಅವಳಿಗೆ ಹೇಳ್ತೀರಾ?" ಎಂದು ಕೇಳಿ ಫೋನನ್ನು ಅವಳ ಕೈಗೆ ಕೊಟ್ಟರು. ಹೇಳಿದೆ. ಆಮೇಲೆ "ಥ್ಯಾಂಕ್ಸ್ ಅಕ್ಕ" ಅಂದಳು. ಅರ್ಜಿ ಹರಿದು ಹಾಕಿದ್ದಾಳೆ. ಆರು ತಿಂಗಳ ಮುಂಚೆಯೇ ಹೇಳಬಹುದಿತ್ತು ಎಂಬುದೊಂದು ಮುಳ್ಳು ನನ್ನೊಳಗೆ ಉಳಿದಿದೆ. ಇರಲಿ, ಉಳಿಯಬೇಕಾದದ್ದೇ.

ಆಸ್ಪತ್ರೆಯ ಡಾಕ್ಟರದು ಇನ್ನೊಂದು ಕಥೆ. ಅವರ ಮುಂದೆ ತಲೆ ತಗ್ಗಿಸಿ ನಿಂತಿದ್ದೆ. ಅವರು ಹಾಳೆಗಳನ್ನು ಮಗುಚಿ ಹೇಳಿದರು: "ನೋಡಿ, ಹಳೇ ಲೆಕ್ಕ ನಂಬಿ ಕಮ್ಮಿ ಔಷಧ ಕೊಡೋರಿದ್ವಿ, ಅದೂ ಕಾಯಿಲೆ ಬಲಿತೋರಿಗೆ. ಏನೂ ಆಗ್ತಿರಲಿಲ್ಲ. ವರ್ಷ ಕಳೆದ ಮೇಲೆ ಇದು ಕೆಲಸಕ್ಕೆ ಬರಲ್ಲ ಅಂತ ಔಷಧಾನೇ ಮೂಲೆಗೆ ಹಾಕ್ತಿದ್ವಿ." ಈಗ ಕಾಯಿಲೆ ಶುರುವಾಗುತ್ತಿರುವವರನ್ನೇ ಆರಿಸಿಕೊಂಡು, ಪ್ರಮಾಣ ಸರಿಪಡಿಸಿ, ಜನವರಿಯ ಬದಲು ಏಪ್ರಿಲ್‌ನಲ್ಲಿ ಶುರು ಮಾಡುತ್ತಾರೆ. ನೀವು ಆ ಡಬ್ಬಿಯನ್ನು ಬಾವಿಗೆ ಎಸೆದಿದ್ದರೆ ಈ ಔಷಧವೂ ಅದರ ಜೊತೆ ಮುಳುಗುತ್ತಿತ್ತು.

ನನ್ನ ಕೆಲಸಕ್ಕೆ ತೊಂದರೆಯೇನಿಲ್ಲ. ವಿಚಾರಣೆಯ ಸಮಿತಿಯವರು ಎರಡು ಗಂಟೆ ಕೂರಿಸಿ ಕೇಳಿದರು. ಮೇ ತಿಂಗಳಿನ ಭಾನುವಾರವನ್ನೂ ಹೇಳಿದೆ. ತಡಮಾಡಿದ್ದಕ್ಕೆ ಒಂದು ಎಚ್ಚರಿಕೆಯ ಪತ್ರ ಕೊಟ್ಟರು. ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಪ್ರಶಸ್ತಿಯಿಂದ ನಾನೇ ಹೆಸರು ಹಿಂದಕ್ಕೆ ತೆಗೆದುಕೊಂಡೆ. ಅದು ಮೂಳೆ ಲ್ಯಾಬಿಗೆ ಹೋಯಿತು. ಸಮಾರಂಭದಲ್ಲಿ ಮೂರನೇ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದೆ. ಅಷ್ಟು ಹಗುರವಾಗಿ ಚಪ್ಪಾಳೆ ತಟ್ಟಿ ಎಷ್ಟೋ ದಿನವಾಗಿತ್ತು.

ತಿದ್ದುಪಡಿಯಲ್ಲಿ ನೀವು ಹೇಳಿದಂತೆ ಇದ್ದದ್ದು ಇದ್ದ ಹಾಗೆ ಬರೆದಿದ್ದೇನೆ: ಬಣ್ಣ ಹಾಕಿದವರ ಕಣ್ಣಿನಲ್ಲಿ ಪೊರೆ ಇತ್ತು, ಎರಡು ಗುಂಪಿಗೂ ಒಂದೇ ದಿನ ಬಣ್ಣ ಹಾಕಿಸದ ತಪ್ಪು ನಮ್ಮದು. ಅದರ ಕೆಳಗೆ ಇನ್ನೊಂದು ಸಾಲಿದೆ: ಯಾರೂ ಕೇಳದಿದ್ದರೂ ಪ್ರತಿ ಸಲ ಸಾಕ್ಷಿ ಸ್ಲೈಡನ್ನು ಇಟ್ಟು, ಅದನ್ನು ತಾವೇ ಒಪ್ಪಿಸಿದ ಅವರಿಗೆ ಈ ಪ್ರಬಂಧ ಋಣಿ. ಮುಖ್ಯಸ್ಥರು ಎಲ್ಲ ಕಡೆ ಕೆಂಪು ಗೀಟು ಹಾಕಿದರು, ಆ ಸಾಲನ್ನು ಮುಟ್ಟಲಿಲ್ಲ.

ಕಣ್ಣಿನದು ಯಾವತ್ತು? ಧೈರ್ಯವಾಗಿ ಹೋಗಿ.

ಯಾಕಮ್ಮ

ಡಿಸೆಂಬರ್ ೧೯

ಯಾಕಮ್ಮನಿಗೆ ಬಣ್ಣದ ಮಾವನ ಆಶೀರ್ವಾದಗಳು.

ಅಕ್ಷರ ನೋಡು. ನನ್ನದೇ. ಸಣ್ಣದಾಗಿ, ಗೆರೆಯ ಮೇಲೆ.

ನಿನ್ನ ಕಾಗದವನ್ನು ಮಗಳು ಓದಿದ ದಿನ ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ಆ ವಿದ್ಯಾರ್ಥಿನಿ "ಥ್ಯಾಂಕ್ಸ್ ಅಕ್ಕ" ಅಂದಳು ಎನ್ನುವಲ್ಲಿ ಇಬ್ಬರೂ ಮೂಗು ಒರೆಸಿಕೊಂಡರು. ಅವರಿಗೆ ಏನು ಅರ್ಥವಾಯಿತೋ ಕಾಣೆ. ನಾನು ಆವತ್ತು ಎರಡು ಸಲ ಬಡಿಸಿಕೊಂಡು ಊಟ ಮಾಡಿದೆ.

ಎರಡೂ ಕಣ್ಣು ಆಯಿತು. ಮೊದಲ ಪಟ್ಟಿ ಬಿಚ್ಚಿದಾಗ ಎದುರಿಗೆ ನರ್ಸಮ್ಮನ ಕೈಯಲ್ಲಿ ಒಂದು ಬಟ್ಟೆಯಿತ್ತು. ನೀಲಿ. ಅಂಥ ನೀಲಿ ಲೋಕದಲ್ಲಿ ಇದೆ ಎನ್ನುವುದೇ ಮರೆತುಹೋಗಿತ್ತು. "ಎಂಥ ಬಟ್ಟೆಯಮ್ಮ ಅದು?" ಎಂದು ಕೇಳಿದೆ. "ನೆಲ ಒರೆಸೋದು ತಾತ" ಅಂದಳು.

ಮನೆಗೆ ಬಂದರೆ ಎಲ್ಲವೂ ಬೇರೆ. ಕೆನೆ ಬಣ್ಣ ಅಂದುಕೊಂಡಿದ್ದ ಗೋಡೆ ಬಿಳಿ. ಚೆನ್ನಾಗಿ ಒಗೆದಿದ್ದೇನೆ ಅಂದುಕೊಂಡಿದ್ದ ನನ್ನ ಅಂಗಿಗಳು ನೋಡುವ ಹಾಗಿಲ್ಲ. ಆಮೇಲೆ ಮಗಳ ಮುಖ ನೋಡಿದೆ ಯಾಕಮ್ಮ. ಕಿವಿಯ ಮೇಲೆಲ್ಲ ನರೆ, ಕಣ್ಣಿನ ಕೆಳಗೆ ಗೆರೆ. ನಾನು ದಿನಾ ನೋಡುತ್ತಿದ್ದ ಮಗಳು ಮೂರು ವರ್ಷದ ಹಿಂದಿನವಳು.

"ಯಾವಾಗ್ಲಿಂದನೇ ಇದು?"

"ಆಗಿಂದಾನೇ ಇದೆ. ನಿಮಗೆ ಕಂಡಿರಲಿಲ್ಲ."

"ನೀನ್ಯಾಕೆ ಹೇಳಲಿಲ್ಲ?"

"ನೀವು ಕಣ್ಣಿನ ವಿಷಯ ಹೇಳಿದ್ರಾ?"

ಇಬ್ಬರಿಗೂ ನಗು ಬಂತು. ಅವಳಿಗೆ ಅಳುವೂ ಬಂತು. ಮರುದಿನದಿಂದ ದಾರ ಹೊಂದಿಸಿ ಗುಂಡಿ ಹಚ್ಚುವ ಕೆಲಸ ನಾನು ವಹಿಸಿಕೊಂಡಿದ್ದೇನೆ. ಮಧ್ಯಾಹ್ನ ಒಂದು ಗಂಟೆ ಅವಳು ಮಲಗಲೇಬೇಕೆಂದು ಕಾನೂನು ಮಾಡಿದ್ದೇನೆ. ಮೊದಮೊದಲು ಗೊಣಗಿದಳು. ಈಗ ಗೊರಕೆ ಹೊಡೆಯುತ್ತಾಳೆ.

ನಿನ್ನ ಮುಖ್ಯಸ್ಥರು ನನಗೆ ಬೇರೆ ಕಾಗದ ಹಾಕಿದ್ದಾರೆ. ಫೆಬ್ರವರಿಯಲ್ಲಿ ಹದಿನೈದು ದಿನ ಬಂದು ಹೊಸ ವಿದ್ಯಾರ್ಥಿಗಳಿಗೆ ಬಣ್ಣ ಹಾಕುವುದನ್ನೂ ಸಾಕ್ಷಿ ಇಡುವುದನ್ನೂ ಕಲಿಸಬೇಕಂತೆ. ಬರುತ್ತೇನೆಂದು ಬರೆದಿದ್ದೇನೆ. ಮೊದಲ ದಿನವೇ ಅವರಿಗೆ ನನ್ನ ಕೆಟ್ಟ ಆರು ಸ್ಲೈಡುಗಳನ್ನು ತೋರಿಸಬೇಕು, ಅವನ್ನು ತೆಗೆದಿಡು.

ಇವತ್ತು ಬೆಳಗ್ಗೆ ಮಗಳಿಗೆ ಹೇಳದೆ ಒಬ್ಬನೇ ಬಸ್ ನಿಲ್ದಾಣಕ್ಕೆ ಹೋದೆ. ರಸ್ತೆ ನಾನೇ ದಾಟಿದೆ. ಅಲ್ಲಿ ಕಲ್ಲುಬೆಂಚಿನ ಮೇಲೆ ಕೂತು, ಬರುವ ಬಸ್ಸುಗಳ ಬೋರ್ಡುಗಳನ್ನೆಲ್ಲ ದೂರದಿಂದಲೇ ಓದಿದೆ. ನಂಬರು, ಊರು, ಯಾವ ದಾರಿ, ಎಲ್ಲ. ಒಂದೂ ತಪ್ಪಲಿಲ್ಲ. ಹನ್ನೊಂದನೆಯ ಬಸ್ಸು ಬಂದಾಗ ಕಂಡಕ್ಟರು ಬಾಗಿಲಲ್ಲಿ ನಿಂತು, "ಎಲ್ಲಿಗೆ ಯಜಮಾನ್ರೇ? ಅವಾಗಿಂದ ಕೂತಿದೀರಿ, ಹತ್ತಿ" ಅಂದ.

"ಎಲ್ಲಿಗೂ ಇಲ್ಲಪ್ಪ, ಓದ್ತಾ ಇದೀನಿ. ನೀವು ಹೊರಡಿ" ಅಂದೆ.

ಇಂತು ನಿನ್ನ,
ಬಣ್ಣದ ಮಾವ